ಸರ್ಪ ಬರೆಯುವುದನ್ನು ಬಿಟ್ಟ ಮಳೆಗಾಲ

ಹೋದ ವಾರ ಮೊಮ್ಮಗಳು ಸೃಷ್ಟಿ ಅಟ್ಟದ ಮೇಲಿನ ಹಳೆಯ ಡಬ್ಬಿಗಳನ್ನು ಇಳಿಸುವಾಗ ಒಂದು ತೆಂಗಿನ ಚಿಪ್ಪು ಅವಳ ಕೈಗೆ ಸಿಕ್ಕಿತು. ಒಳಗೆ ಹುರಮಂಜಿ ಒಣಗಿ ಬಿರುಕು ಬಿಟ್ಟಿತ್ತು. ಹೊಸಿಲಿಗೆ ಬಳಿಯಲು ಆದೀತೆಂದು ಅವಳು ಅದಕ್ಕೆ ನೀರು ಹಾಕಿ ಬೆರಳಿನಿಂದ ಕಲಸಿದಳು. ಕೆಂಪು ಮಣ್ಣಿನ ಆ ತಣ್ಣನೆಯ ವಾಸನೆ ಎದ್ದು ಅಡುಗೆಮನೆಯವರೆಗೂ ಬಂತು. ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ತಾನಾಗಿ ನಿಂತಿತು.

“ಆಯೀ, ಇದರಾಗ ಏನ್ ಮಾಡ್ತಿದ್ದಿ?”

“ಹಾವು ಬರೀತಿದ್ದೆ.”

“ಹಾವಾ? ಎಲ್ಲಿ?”

“ಮಂದಿ ಮೈಮ್ಯಾಲ.”

ಅವಳು ತಮ್ಮನನ್ನು ಕೂಗಿದಳು. “ಬಸ್ಯಾ, ಲಗೂನ ಬಾ ಇಲ್ಲೆ! ಆಯಿ ಮಂದಿಗೆ ಟ್ಯಾಟೂ ಹಾಕ್ತಿದ್ಲಂತ!”

ಇಬ್ಬರೂ ಬಂದು ನನ್ನ ಮುಂದೆ ಕುಳಿತು ಹೇಳು ಹೇಳು ಎಂದು ಜೀವ ತಿಂದರು. ಆದರೆ ನನಗೆ ಬಾಯಿಂದ ಹೇಳುವುದು ಬರುವುದಿಲ್ಲ, ನಡುವೆ ಯಾರಾದರೂ ಮುಖ ನೋಡಿದರೆ ಮಾತು ಮರೆತುಹೋಗುತ್ತದೆ. ಅದಕ್ಕೇ ಸೃಷ್ಟಿಯ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳ ಮೇಲೆ ಬರೆಯುತ್ತಿದ್ದೇನೆ. ನಾನು ಓದಿದ್ದು ಕೌಜಲಗಿಯ ಸಾಲೆಯಲ್ಲಿ, ಏಳನೆಯ ತರಗತಿಯವರೆಗೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿರಿ.

ನಮ್ಮ ಕಡೆ ಸರ್ಪಸುತ್ತು ಎನ್ನುವ ಒಂದು ಬೇನೆ ಇದೆ. ಮೊದಲು ಎರಡು ದಿನ ಮೈಯ ಒಂದು ಕಡೆ ಸುಮ್ಮನೆ ಉರಿಯುತ್ತದೆ. ಆಮೇಲೆ ಅಲ್ಲೇ ನೀರುಗುಳ್ಳೆಗಳು ಗುಂಪುಗುಂಪಾಗಿ ಎದ್ದು, ಬೆನ್ನಿನಿಂದ ಹೊಟ್ಟೆಯ ಕಡೆಗೆ ಪಟ್ಟಿಯಂತೆ ಸುತ್ತಿಕೊಳ್ಳುತ್ತವೆ. ಇದು ಸರ್ಪ, ಇದರ ಹೆಡೆ ಮತ್ತು ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಕೂಡದ ಹಾಗೆ ತಡೆಯಲು ಪಟ್ಟಿಯ ಎರಡೂ ತುದಿಗೆ ಹುರಮಂಜಿಯಲ್ಲಿ ಎದುರು ಸರ್ಪ ಬರೆಯಬೇಕು. ಹೆಡೆಗೆ ಹೆಡೆ ಕೊಟ್ಟು ನಿಲ್ಲಿಸುವುದು. ಈ ಕೆಲಸ ನಮ್ಮ ಅತ್ತೆಯ ಕೈಯಲ್ಲಿತ್ತು. ಅವರ ಕೈ ನಡುಗತೊಡಗಿದ ಮೇಲೆ ನನಗೆ ಬಂತು. ನಮ್ಮ ಮನೆಯಲ್ಲಿ ಪೂಜೆ ಲಿಂಗಕ್ಕೆ ಮಾತ್ರ. ಆದರೂ ಬೇನೆ ಹೊತ್ತು ಬಾಗಿಲಿಗೆ ಬಂದವರನ್ನು ಹಾಗೆಯೇ ಕಳಿಸಬಾರದು ಎಂದು ಅತ್ತೆ ಅನ್ನುತ್ತಿದ್ದರು.

ಅದಕ್ಕೆ ನೇಮಗಳಿದ್ದವು. ರವಿವಾರ ಮಾತ್ರ ಬರೆಯಬೇಕು, ಒಟ್ಟು ಮೂರು ರವಿವಾರ. ಬೇನೆಯವರಿಂದ ಏನನ್ನೂ ಮುಟ್ಟಬಾರದು, ಒಂದು ಬಾಳೆಹಣ್ಣನ್ನೂ ಕೂಡ. ಎಲ್ಲಕ್ಕಿಂತ ದೊಡ್ಡ ನೇಮ ಮಾತಿನದು. ಬರೆಯುವವಳು ಬೆಳಿಗ್ಗೆ ಎದ್ದಾಗಿನಿಂದ ಬರೆದು ಮುಗಿಸುವವರೆಗೆ ಬಾಯಿ ಬಿಡಬಾರದು. ಒಂದು ಮಾತು ಬಿದ್ದರೂ ಅಂದಿನದು ಕೆಟ್ಟಿತು, ಮತ್ತೆ ಮುಂದಿನ ರವಿವಾರವೇ.

ಇದು ನನಗಾಗಿಯೇ ಮಾಡಿದ ಕೆಲಸದಂತಿತ್ತು. ನಿಮ್ಮ ಮುತ್ಯಾ, ನನ್ನ ಯಜಮಾನರು, ಇದ್ದಾಗ ಬೀಗರ ಮುಂದೆ ನಗೆಯಾಡುತ್ತಿದ್ದರು: “ನಮ್ಮಾಕಿ ಮಾತಾಡಿದ್ರ ಮಳಿ ಬರತೈತ್ರಿ. ಅದಕ್ಕ ಸುಗ್ಗ್ಯಾಗ ಮಾತಾಡ್ಸೂದಿಲ್ಲ.” ಆ ಮಾತು ಊರಿಗೆಲ್ಲ ಹರಡಿತ್ತು. ಮದುವೆ ಮನೆಗಳಲ್ಲಿ ನಾನು ಅಡುಗೆಯ ಮೂಲೆ ಹಿಡಿದು ಕೂಡುತ್ತಿದ್ದವಳು. ರವಿವಾರ ಬೆಳಿಗ್ಗೆ ಮಾತ್ರ ಮೂಡಲಗಿ, ಹುಕ್ಕೇರಿ ಕಡೆಯಿಂದಲೂ ಜನ ಬಂದು ನನ್ನ ಮುಂದೆ ಬೆನ್ನು ಕೊಟ್ಟು ಕೂಡುತ್ತಿದ್ದರು. ನಾನು ಏನೂ ಹೇಳಬೇಕಾಗಿರಲಿಲ್ಲ. ನಿಮ್ಮ ಮುತ್ಯಾ ತೀರಿಕೊಂಡ ಮೇಲೆ ಬರೆಯಬಾರದೇನೋ ಎಂದುಕೊಂಡಿದ್ದೆ. ಆದರೆ ಜನ ಬರುವುದು ನಿಲ್ಲಲಿಲ್ಲ. ಆ ದಿನಗಳಲ್ಲಿ ನನ್ನನ್ನು ಹಾಸಿಗೆಯಿಂದ ಎಬ್ಬಿಸಿ ಜಳಕ ಮಾಡಿಸಿದ್ದು ಆ ರವಿವಾರಗಳೇ.

ನಾನು ಹೇಳುವ ಮಳೆಗಾಲ ಮೂರು ವರ್ಷದ ಹಿಂದಿನದು. ಮೃಗಶಿರಾ, ನಮ್ಮ ಬಾಯಲ್ಲಿ ಮಿರಗ, ಹೊಕ್ಕ ಮೂರನೆಯ ದಿನವೇ ಮಳೆ ಹಿಡಿಯಿತು. ಸೋಯಾ ಬಿತ್ತಿದ್ದು ಒಂದೇ ಹದಕ್ಕೆ ಹುಟ್ಟಿತು. ಧುಪದಾಳದ ಒಡ್ಡಿನ ಮೇಲಿಂದ ನೀರು ಬೀಳುವ ಸದ್ದು, ಗಾಳಿ ಇತ್ತ ಬೀಸಿದರೆ, ನಮ್ಮ ಪಡಸಾಲೆಗೆ ಕೇಳುತ್ತಿತ್ತು. ಬಟ್ಟೆ ಒಣಗುತ್ತಿರಲಿಲ್ಲ ಎನ್ನುವುದೊಂದು ಬಿಟ್ಟರೆ ಯಾರಿಗೂ ತಕರಾರಿರಲಿಲ್ಲ.

ಅಂಥ ಒಂದು ಮಧ್ಯಾಹ್ನ ಮೂಡಲಗಿಯ ಹಿರಿಯರೊಬ್ಬರು ಬಂದರು. ಬಟ್ಟೆ ಅಂಗಡಿಯವರು. ಹಿಂದಿನ ಚಳಿಗಾಲದಲ್ಲಿ ಅವರ ಎದೆಗೆ ನಾನು ಮೂರು ರವಿವಾರ ಬರೆದಿದ್ದೆ. ಅಂಗಡಿ ತುಂಬ ಅಂಗಿಬಟ್ಟೆ ಇಟ್ಟುಕೊಂಡ ಮನುಷ್ಯ ಬರೀ ಮೈಮೇಲೆ ತೆಳುವಾದ ಟವೆಲ್ಲು ಹೊದ್ದು, ಅದೂ ಎಡಗಡೆ ತಾಗದಂತೆ ಬೆರಳಿನಲ್ಲಿ ಎತ್ತಿ ಹಿಡಿದಿದ್ದರು.

“ತಾಯೀ, ಗುಳ್ಳಿ ಮಾದಾವು. ಉರಿ ಮಾತ್ರ ಹೋಗವಲ್ತು. ಅಂಗಿ ಬಡದ್ರ ಬೆಂಕಿ ಹತ್ತಿದಂಗ ಆಗತೈತಿ. ಮತ್ತೊಮ್ಮಿ ಬರದ್ರ ಹೋಗತೈತೇನ್ರಿ?”

ನಾನು ಅವರಿಗೆ ಕೂಡಲು ಚಾಪೆ ಹಾಸಿದೆ.

“ನಿಮ್ಮದೇನೂ ತಪ್ಪಿಲ್ಲ ಬಿಡ್ರಿ,” ಎಂದರು ಅವರೇ. “ನಾನೂ ನೇಮದ ಪ್ರಕಾರನ ಮಾಡೇನಿ. ಮಂಗಳವಾರ ಗುಳ್ಳಿ ಎದ್ದಿದ್ದು. ದವಾಖಾನಿಗೆ ಹೋದ್ರ ಸರ್ಪ ಸಿಟ್ಟಿಗೇಳತೈತಿ ಅಂದ್ರು. ರವಿವಾರದ ಮಟಾ ಹಲ್ಲ ಕಡದ ಕುಂತಿದ್ದೆ.”

ಸೊಸೆ ಚಹಾ ಕೊಟ್ಟಳು. ಕುಡಿದು, ನನಗೇ ಕೈ ಮುಗಿದು ಹೋದರು. ಅವರು ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಮಳೆಯಲ್ಲಿ ಕೊಡೆ ಒಂದು ಕೈಯಲ್ಲಿ, ಟವೆಲ್ಲಿನ ತುದಿ ಒಂದು ಕೈಯಲ್ಲಿ ಹಿಡಿದು ಅವರು ಬಸ್ಸಿನ ಕಡೆಗೆ ನಡೆದದ್ದು ನನ್ನ ಕಣ್ಣಿಂದ ಹೋಗಲಿಲ್ಲ. ಉರಿ ಉಳಿದವರು ಅವರೊಬ್ಬರೇ ಅಲ್ಲ. ಅತ್ತೆಯ ಕಾಲದಲ್ಲೂ ಇದ್ದರು. ದಾರಿಯಲ್ಲಿ ಯಾರೊಡನೆಯೋ ಮಾತಾಡಿರಬೇಕು, ಬದನೆಕಾಯಿ ತಿಂದಿರಬೇಕು ಎಂದು ನಾವು ತಪ್ಪನ್ನು ಅವರ ಮೇಲೆಯೇ ಹಾಕುತ್ತಿದ್ದೆವು.

ಎರಡು ಮನೆ ಆಚೆ ಶೋಭಾ ಇದ್ದಾಳೆ, ಆಶಾ ಕಾರ್ಯಕರ್ತೆ. ನಿಮಗೆ ಪೋಲಿಯೋ ಹನಿ ಹಾಕಿದವಳು, ನನಗೆ ಕೊರೋನಾ ಸೂಜಿ ಹಾಕಿಸಲು ಹಿತ್ತಲ ಬಾಗಿಲಿನಿಂದ ಹಿಡಿದು ತಂದವಳು. ಮರುದಿನ ನಾನಾಗಿಯೇ ಅವಳ ಮನೆಗೆ ಹೋದೆ. ರಿಜಿಸ್ಟರ್ ಬರೆಯುತ್ತಿದ್ದವಳು ಪೆನ್ನು ಕೆಳಗಿಟ್ಟಳು.

“ಅಯ್ಯ ಕಾಕೂ, ನೀವು ನಮ್ಮನಿಗೆ ಬಂದ್ರಿ? ಇವತ್ತ ಡ್ಯಾಮ್ ತುಂಬತೈತಿ ನೋಡ್ರಿ.”

ನಾನು ಮೂಡಲಗಿಯವರ ಸುದ್ದಿ ಹೇಳಿದೆ. ಅವಳು ನಗುವುದನ್ನು ಬಿಟ್ಟಳು. ನಾಳೆಯೇ ಘಟಪ್ರಭಾಕ್ಕೆ ಹೋಗೋಣ, ಅಲ್ಲಿನ ಡಾಕ್ಟರಮ್ಮ, ಎಲ್ಲರೂ ಡಾಕ್ಟರ್ ಬಾಯಿ ಅನ್ನುವವರನ್ನು, ಕೇಳೋಣ ಎಂದಳು. ನೀನೇ ಕೇಳಿ ಬಾ ಎಂದೆ. “ಬರಿಯೂದು ನೀವು, ಕೇಳೂದು ನಾನಾ?” ಎಂದು ತಿರುಗಿ ಕೇಳಿದಳು.

ಸ್ಟೇಷನ್ ದಾಟಿದ ಮೇಲೆ, ಒಂದು ಬೇವಿನ ಗಿಡದ ಪಕ್ಕದಲ್ಲಿ ಆ ಚಿಕ್ಕ ದವಾಖಾನೆ. ಡಾಕ್ಟರ್ ಬಾಯಿ ನನ್ನ ಮಗಳ ವಯಸ್ಸಿನವರು. ಬೈಯುತ್ತಾರೆಂದು ಸೆರಗು ತಲೆತುಂಬ ಹೊದ್ದು ಕುಳಿತಿದ್ದೆ. ಅವರು ಬೈಯಲಿಲ್ಲ. ಬರೆಯುವ ನೇಮಗಳನ್ನೆಲ್ಲ ಶೋಭಾಳ ಬಾಯಿಂದ ಪೂರ್ತಿ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಸಣ್ಣಾಕಿದ್ದಾಗ ನಿಮಗ ಅಮ್ಮ ಬಂದಿದ್ಲೇನ್ರಿ?”

ಹೂಂ ಎಂದು ಗೋಣು ಹಾಕಿದೆ. ಕೌಜಲಗಿಯಲ್ಲಿ ನನಗೂ ನಮ್ಮ ಅಕ್ಕನಿಗೂ ಒಟ್ಟಿಗೇ ಬಂದಿತ್ತು. ಪುಸ್ತಕದಲ್ಲಿ ಅದಕ್ಕೆ ಸೀತಾಳೆ ಸಿಡುಬು ಅನ್ನುತ್ತಾರೆ. ಬೇವಿನ ಸೊಪ್ಪಿನ ಮೇಲೆ ಇಬ್ಬರನ್ನೂ ಮಲಗಿಸಿದ್ದರು.

“ಬಂದಾಕಿ ಹೋದ್ಲೇನು?”

“ಮೊಸರಬುತ್ತಿ ಕೊಟ್ಟು ಸೀಮಿಗೆ ಕಳಿಸಿ ಬಂದಿವ್ರಿ,” ಎಂದೆ ಮೆಲ್ಲಗೆ. ಅಮ್ಮ ಇಳಿದ ಮೇಲೆ ಮೊಸರನ್ನದ ಬುತ್ತಿಯನ್ನು ಊರ ಗಡಿಯಲ್ಲಿಟ್ಟು, ಹಿಂತಿರುಗಿ ನೋಡದೆ ಬರುವುದು ನಮ್ಮ ಕಡೆಯ ಪದ್ಧತಿ.

“ಹೋಗಿಲ್ರಿ,” ಎಂದು ಅವರು ಎದ್ದು ಬಂದು ನನ್ನ ಬೆನ್ನುಮೂಳೆಯ ಪಕ್ಕದಲ್ಲಿ ಬೆರಳಿಟ್ಟರು. “ಇಲ್ಲೇ ಮಲಗ್ಯಾಳ.”

ನಾನು ಕೈ ಹಿಂದೆ ಮಾಡಿ ಅಲ್ಲೇ ಮುಟ್ಟಿ ನೋಡಿಕೊಂಡೆ. ಅವರು ಗುಳಿಗೆಯ ಪೆಟ್ಟಿಗೆಯೊಂದನ್ನು ಹರಿದು ಅದರ ಹಿಂದೆ ಚಿತ್ರ ಬರೆದು ತೋರಿಸಿದರು. ಅಮ್ಮ ಎಂದು ನಾವು ಕರೆಯುವುದು ಒಂದು ವೈರಸ್ಸು. ಕಣ್ಣಿಗೆ ಕಾಣದಷ್ಟು ಸಣ್ಣದು. ಗುಳ್ಳೆ ಒಣಗಿ ಬಿದ್ದ ಮೇಲೂ ಅದು ಮೈ ಬಿಟ್ಟು ಹೋಗುವುದಿಲ್ಲ, ಬೆನ್ನಿನ ಹತ್ತಿರ ನರಗಳ ಬೇರಿನಲ್ಲಿ ಹೋಗಿ ಮಲಗುತ್ತದೆ. ಐವತ್ತು ವರ್ಷ ಬೇಕಾದರೂ ಮಲಗೀತು. ವಯಸ್ಸಾಗಿ ಮೈಯ ಕಾವಲು ಸಡಿಲಾದಾಗ ಎದ್ದು, ತಾನು ಮಲಗಿದ್ದ ಒಂದೇ ನರದ ಗುಂಟ ಹೊರಗೆ ಬರುತ್ತದೆ. ಅದಕ್ಕೇ ಗುಳ್ಳೆ ಪಟ್ಟಿಯಂತೆ ಏಳುವುದು.

“ಆ ನರ ಬೆನ್ನಿನ ನಡುವಿಂದ ಎದಿ ನಡುವಿನ ಮಟಾ ಅಷ್ಟ ಐತ್ರಿ. ಅಲ್ಲಿಗೆ ದಾರಿ ಮುಗೀತು. ಆ ಕಡಿ ಮೈಗೆ ದಾಟೂದಿಲ್ಲ. ನೀವು ಇಷ್ಟ ವರ್ಷ ನೋಡೀರಿ. ಎಂದರ ಹೆಡಿ ಬಾಲ ಕೂಡಿದ್ದು ಕಂಡೀರೇನು?”

ನಾನು ಯೋಚಿಸಿದೆ. ಎಷ್ಟೋ ಬೆನ್ನುಗಳು, ಎಷ್ಟೋ ಸೊಂಟಗಳು. ಒಮ್ಮೆಯೂ ಕೂಡಿರಲಿಲ್ಲ. ನಾನು ಬರೆದದ್ದರಿಂದಲೇ ಕೂಡಲಿಲ್ಲ ಎಂದು ತಿಳಿದಿದ್ದೆ. ನಾನು ಬರೆಯದಿದ್ದರೂ ಅದು ಅಲ್ಲಿಗೇ ನಿಲ್ಲುತ್ತಿತ್ತು. ಗುಳ್ಳೆಗಳೂ ತಾವಾಗಿಯೇ ಎರಡು ಮೂರು ವಾರಕ್ಕೆ ಒಣಗುತ್ತವಂತೆ. ನಮ್ಮ ಮೂರು ರವಿವಾರ ಅದೇ ಲೆಕ್ಕವಾಗಿತ್ತು. ಕುರ್ಚಿಯ ಮೇಲೆ ಕುಳಿತ ಹಾಗೆಯೇ ನಾನು ಸಣ್ಣವಳಾಗುತ್ತ ಹೋದೆ.

ಡಾಕ್ಟರ್ ಬಾಯಿ ಅದನ್ನು ಕಂಡರೋ ಏನೋ, ಮಾತನ್ನು ಮುಂದಕ್ಕೆ ಒಯ್ದರು. ಇದಕ್ಕೆ ಗುಳಿಗೆ ಇದೆ. ಅದು ವೈರಸ್ಸು ಬೆಳೆಯುವುದನ್ನು ತಡೆಯುತ್ತದೆ. ಆದರೆ ಗುಳ್ಳೆ ಎದ್ದ ಮೂರು ದಿನದೊಳಗೆ ಶುರುವಾಗಬೇಕು. ಬೇಗ ಶುರುವಾದರೆ ಬೇನೆ ಹಗುರ, ಆಮೇಲೆ ಉಳಿಯುವ ಉರಿಯೂ ಕಡಿಮೆಯಾಗಬಹುದು. ನಾನು ಹೊಲದ ಹೆಂಗಸು, ನನಗೆ ಇದು ಬೇಗ ತಿಳಿಯಿತು. ಕಸ ಎರಡೆಲೆ ಇದ್ದಾಗ ಕಿತ್ತರೆ ಕೆಲಸ. ಬೀಜ ಉದುರಿಸಿದ ಮೇಲೆ ಕಿತ್ತು ಏನು ಮಾಡುವುದು? ನಾವು ಜನರನ್ನು ರವಿವಾರಕ್ಕಾಗಿ ಕಾಯಿಸಿ ಕಾಯಿಸಿ ಬೀಜ ಉದುರಿಸಿದ್ದೆವು.

“ಒಂದ ಮಾತು ನೆನಪಿಡ್ರಿ,” ಎಂದರು. “ಹಣಿ ಮ್ಯಾಲ ಎದ್ದು, ಮೂಗಿನ ತುದಿಗೂ ಒಂದು ಗುಳ್ಳಿ ಬಂದ್ರ ಒಂದ ತಾಸೂ ತಡಿಯಬ್ಯಾಡ್ರಿ. ಮೂಗಿನ ತುದಿಗೆ ಹೋಗೂ ನರಾನ ಕಣ್ಣಿಗೂ ಹೋಗತೈತಿ. ಕಣ್ಣ ಹೋದೀತು.”

ಬರೆಯಬೇಡಿ ಎಂದು ಅವರು ಹೇಳಲೇ ಇಲ್ಲ. ಹೊರಡುವಾಗ ಹೇಳಿದ್ದು ಇಷ್ಟೇ: “ಮಂದಿ ನನಗಿಂತ ಮೊದಲು ನಿಮ್ಮ ಬಾಗಿಲಿಗೆ ಬರತಾರ. ನೀವು ಹೇಳಿದ್ರ ಕೇಳತಾರ. ಹೇಳ್ರಿ.”

ಬರೆಯಬೇಡಿ ಅಂದಿದ್ದರೆ ಸುಲಭವಿತ್ತು. ಹೇಳಿರಿ ಅಂದರು.

ಮುಂದಿನ ಮೂರು ನಾಲ್ಕು ರವಿವಾರ ನಾನು ಹೇಳಲಿಲ್ಲ. ನಿಮ್ಮ ಮುಂದೆ ಮುಚ್ಚಿಡುವುದೇನು. ದವಾಖಾನೆಯ ವಿಳಾಸವನ್ನೂ ಶೋಭಾಳ ಫೋನ್ ನಂಬರನ್ನೂ ಅವಳಿಂದಲೇ ಚೀಟಿಗಳ ಮೇಲೆ ಬರೆಸಿಟ್ಟುಕೊಂಡೆ. ಎಂದಿನಂತೆ ಮೌನದಲ್ಲಿ ಸರ್ಪ ಬರೆದು, ಮುಗಿದ ಮೇಲೆ ಚೀಟಿ ಕೈಗಿಟ್ಟು ಒಳಗೆ ಹೋಗಿಬಿಡುತ್ತಿದ್ದೆ. ಕೆಲವರು ಹೋದರು. ಕೆಲವರು ಆ ಚೀಟಿಯನ್ನೇ ಯಂತ್ರವೆಂದು ತಿಳಿದು ಕೊರಳಿಗೆ ಕಟ್ಟಿಕೊಂಡರು. ಶೋಭಾ ಅದನ್ನು ಕಂಡು ಹಣೆ ಹಣೆ ಬಡಿದುಕೊಂಡಳು. “ಕಾಕೂ, ತಾಯತದಾಗ ನನ್ನ ಫೋನ್ ನಂಬರ್ ಐತ್ರಿ! ಬಾಯಿ ಬಿಡ್ರಿ, ನಿಮ್ಮ ಕಾಲ ಬೀಳ್ತೀನಿ.”

ಶ್ರಾವಣ ಹತ್ತಿರ ಬಂದಿತ್ತು. ಹೊಳೆ ತುಂಬಿ ಕಂದು ಬಣ್ಣಕ್ಕೆ ತಿರುಗಿತ್ತು. ಒಂದು ರವಿವಾರ ಬೆಳಿಗ್ಗೆ ನಾನು ಜಳಕ, ಪೂಜೆ ಮುಗಿಸಿ ಕಲ್ಲಿನ ಮೇಲೆ ಹುರಮಂಜಿ ತೇಯುತ್ತಿದ್ದೆ. ಬಾಗಿಲಲ್ಲಿ ಕೊಡೆ ಮಡಚಿದ ಸದ್ದಾಯಿತು.

“ಚಿಪ್ಪು ತಯಾರ ಐತೇನವಾ? ನಿನ್ನ ಗಿರಾಕಿ ಬಂದೇನಿ.”

ನಮ್ಮ ಅಕ್ಕ ನೀಲವ್ವ. ಹುಕ್ಕೇರಿ ಕಡೆಯ ಹಳ್ಳಿಗೆ ಕೊಟ್ಟಿದ್ದು. ನಾನು ಮಾತಾಡದೆ ಉಳಿಸಿದ ಮಾತನ್ನೆಲ್ಲ ತಾನು ಆಡುವವಳು. ಕೌದಿ ಹೊಲಿಯುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಹಳೆಯ ಸೀರೆ ಕೊಟ್ಟರೆ ಅದರ ಒಡತಿಗೇ ಗುರುತು ಸಿಗದಂತೆ ಜೋಡಿಸುತ್ತಿದ್ದಳು. ಅದೂ ಒಂದೇ ಕಣ್ಣಿನಲ್ಲಿ. ಹುಡುಗಿಯಾಗಿದ್ದಾಗ ಜೋಳದ ಗರಿ ಚುಚ್ಚಿ ಅವಳ ಎಡಗಣ್ಣು ಮಂಜಾಗಿತ್ತು, ಅದರಲ್ಲಿ ಬೆಳಕು ನೆರಳು ಬಿಟ್ಟರೆ ಏನೂ ಕಾಣದು. ಬಲಗಣ್ಣೇ ಅವಳ ಬದುಕು.

ಕುಳಿತು ಸೆರಗು ಸರಿಸಿದಳು. ಬಲಗಡೆಯ ಹಣೆಯ ತುಂಬ ಗುಳ್ಳೆ. ರೆಪ್ಪೆ ಬಾತು ಕಣ್ಣು ಅರ್ಧ ಮುಚ್ಚಿತ್ತು. ನಾನು ಬಗ್ಗಿ ನೋಡಿದೆ. ಮೂಗಿನ ತುದಿಯ ಮೇಲೆ, ಬಲಕ್ಕೆ, ಮುತ್ತಿನಂಥ ಒಂದೇ ಒಂದು ಗುಳ್ಳೆ ಇತ್ತು.

“ಶುಕ್ರವಾರ ಸಂಜಿಗೆ ಎದ್ದಾವು,” ಎಂದಳು ಅಕ್ಕ. “ಹುಡುಗರು ದವಾಖಾನಿಗೆ ನಡಿ ನಡಿ ಅಂದ್ರು. ನಮ್ಮ ತಂಗಿ ಇರೂವಾಗ ದವಾಖಾನಿ ಯಾಕ್ರೋ, ರವಿವಾರ ಬರಲಿ ಅಂದೆ. ಮೊದಲ ಬಸ್ಸಿಗೆ ಬಂದೇನಿ. ನೀ ಮಾತಾಡಬ್ಯಾಡ, ನೇಮ ನನಗ ಗೊತ್ತೈತಿ. ಬರಿ ಸುಮ್ನ.”

ಸರ್ಪ ಬರೆಯುವ ಗರಿಕೆಯ ಕಡ್ಡಿಯನ್ನು ಚಿಪ್ಪಿನ ಮೇಲೆ ಅಡ್ಡ ಇಟ್ಟೆ. ಶುಕ್ರವಾರ, ಶನಿವಾರ, ಇಂದು ರವಿವಾರ. ನಾನು ಬೆರಳಿನಿಂದ ಅವಳ ಮೂಗು ತೋರಿಸಿದೆ, ಕಣ್ಣು ತೋರಿಸಿದೆ, ಬಾಗಿಲ ಕಡೆ ಕೈ ಮಾಡಿದೆ.

“ಏನು, ಹೊರಗ ಕುಂದ್ರಬೇಕಾ? ಮಳಿ ಐತಲ್ಲ ಹುಚ್ಚಿ.”

ಚೀಟಿ ತಂದು ಕೈಗಿಟ್ಟೆ. ಅವಳು ಅದನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. “ಏನಿದು, ಬಸ್ ಟಿಕೀಟಾ? ಕಣ್ಣ ಕಾಣೂದಿಲ್ಲ ನನಗ, ಮಬ್ಬಾಗೈತಿ.” ಆಮೇಲೆ ಸ್ವರ ಇಳಿಸಿ ಹೇಳಿದಳು: “ಇದು ಯಾಕ ಬಂತು ಅಂತ ನನಗ ಗೊತ್ತೈತಿ. ಸಣ್ಣಾಕಿದ್ದಾಗ ಅಮ್ಮನ್ನ ಸೀಮಿಗೆ ಕಳಿಸಿ ಬರೂವಾಗ, ಹೊಳ್ಳಿ ನೋಡಬ್ಯಾಡ್ರಿ ಅಂತ ಅವ್ವ ಹೇಳಿದ್ದಳಲ್ಲ. ನಾ ನೋಡಿದ್ದೆ ತಂಗಿ. ಮೊಸರಬುತ್ತಿ ಯಾರ ತಿಂತಾರ ನೋಡೂನು ಅಂತ ಹೊಳ್ಳಿ ನೋಡಿದ್ದೆ. ಯಾರಿಗೂ ಹೇಳಿಲ್ಲ. ಆಕಿ ಬೆನ್ನ ಹತ್ತಿ ಬಂದಾಳ. ಬರಿ ಲಗೂನ.”

ಮಬ್ಬಾಗಿದೆ ಎಂದಳಲ್ಲ, ಅದು ನನ್ನ ಎದೆಗೆ ಬಡಿಯಿತು.

“ಅಕ್ಕಾ, ನಿನ್ನ ಕಣ್ಣ ಹೋಗತೈತಿ.”

ಮಾತು ನನ್ನದೇ ಎಂದು ತಿಳಿಯಲು ನನಗೇ ಒಂದು ಕ್ಷಣ ಬೇಕಾಯಿತು. ಅಕ್ಕ ಬೆಂಕಿ ಬಿದ್ದವರಂತೆ ಎದ್ದಳು.

“ಮಾತಾಡಿದಿ! ಎಂಥಾ ಕೆಲಸಾ ಮಾಡಿದಿ ತಂಗಿ! ಜಲ್ಮದಾಗ ಮಾತಾಡದಾಕಿ ಇವತ್ತ ಮಾತಾಡಿದಿ! ಈಗ ಬರದ್ರೂ ಫಲ ಇಲ್ಲ. ಮುಂದಿನ ರವಿವಾರದ ಮಟಾ ನಾ ಏನ್ ಮಾಡ್ಲಿ?”

“ಮುಂದಿನ ರವಿವಾರನೂ ಮಾತಾಡತೀನಿ,” ಎಂದೆ. “ಅದರ ಮುಂದಿನ ರವಿವಾರನೂ ಮಾತಾಡತೀನಿ. ನಾ ಬರಿಯೂದಿಲ್ಲ. ನಡಿ ದವಾಖಾನಿಗೆ.”

ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ನರದ ಬೇರು, ಮೂರು ದಿನ, ಮೂಗಿನ ತುದಿ, ಮೂಡಲಗಿಯವರ ಟವೆಲ್ಲು, ಎಲ್ಲವನ್ನೂ ಹೇಳಿದೆ. ಸೊಸೆ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಮಗ ಕೊಟ್ಟಿಗೆಯಿಂದ ಬಂದ. ಅಕ್ಕ ಬಾತ ಕಣ್ಣನ್ನು ಆದಷ್ಟು ತೆರೆದು ನನ್ನನ್ನೇ ನೋಡುತ್ತಿದ್ದಳು.

“ಇಷ್ಟೆಲ್ಲಾ ಮಾತು ಎಲ್ಲಿ ಇಟ್ಟಿದ್ದೆವಾ?” ಎಂದಳು ಕೊನೆಗೆ. ಬೇರೆ ದಾರಿಯೂ ಅವಳಿಗೆ ಉಳಿದಿರಲಿಲ್ಲ. ನೇಮವನ್ನು ನನಗಿಂತ ಹೆಚ್ಚು ನಂಬಿದವಳು ಅವಳೇ. ಮಾತು ಬಿದ್ದ ಮೇಲೆ ಬರೆಸಿಕೊಳ್ಳುವಂತಿರಲಿಲ್ಲ.

ಶೋಭಾ ಡಾಕ್ಟರ್ ಬಾಯಿಗೆ ಫೋನು ಮಾಡಿದಳು. ರವಿವಾರವಾದರೂ ಕರೆದುಕೊಂಡು ಬನ್ನಿ ಎಂದರು. ಮಗ ಮೂರು ಗಾಲಿಯ ಟಂಟಂ ರಿಕ್ಷಾ ಕರೆತಂದ. ಎರಡೂ ಬದಿಗೆ ಪ್ಲಾಸ್ಟಿಕ್ಕಿನ ಪರದೆ ಇಳಿಬಿಟ್ಟು ಹೊರಟೆವು, ಆದರೂ ಮಳೆ ಒಳಗೆ ಹೊಡೆಯುತ್ತಿತ್ತು. “ನಿಮ್ಮನಿಯವ್ರು ಖರೆ ಹೇಳ್ತಿದ್ರ ನೋಡು,” ಎಂದಳು ಅಕ್ಕ, ನಿಮ್ಮ ಮುತ್ಯಾನ ಮಾತು ನೆನೆದು. “ನೀ ಮಾತಾಡಿದಿ, ಹೆಂಗ ಹೊಡ್ಯಾಕತ್ತೈತಿ.” ಆ ನೋವಿನಲ್ಲೂ ಅವಳಿಗೆ ನಗೆ.

ಮೊದಲ ಗುಳಿಗೆಯನ್ನು ಡಾಕ್ಟರ್ ಬಾಯಿ ತಮ್ಮ ಎದುರಿಗೇ ನುಂಗಿಸಿದರು. ದಿನಕ್ಕೆ ಐದು ಸಲ, ಏಳು ದಿನ. ಮರುದಿನ ಬೆಳಿಗ್ಗೆ ಗೋಕಾಕದ ಕಣ್ಣಿನ ಡಾಕ್ಟರರ ಹತ್ತಿರ ಹೋದೆವು. ಅವರು ನೀಲಿ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ನಾನು ಹೊರಗೆ ಬೆಂಚಿನ ಮೇಲೆ ಕುಳಿತು, ಬೆರಳಿಗೆ ಅಂಟಿದ್ದ ಹಿಂದಿನ ದಿನದ ಹುರಮಂಜಿಯನ್ನು ಸೆರಗಿನಲ್ಲಿ ಉಜ್ಜುತ್ತಲೇ ಇದ್ದೆ. ಕರಿಗುಡ್ಡೆಯ ಮೇಲೆ ಗಾಯದ ಗೀರು ಶುರುವಾಗಿದೆ, ಆದರೆ ವೇಳೆಗೆ ಬಂದಿದ್ದೀರಿ, ಉಳಿಯುತ್ತದೆ ಎಂದರು. ಉಳಿಯುತ್ತದೆ ಎಂಬ ಒಂದೇ ಶಬ್ದವನ್ನು ನಾನು ಗೋಕಾಕದಿಂದ ಮನೆಯವರೆಗೂ ಬಾಯಲ್ಲೇ ಇಟ್ಟುಕೊಂಡು ಬಂದೆ.

ಆಮೇಲಿನ ಒಂದು ತಿಂಗಳು ಅಕ್ಕ ನಮ್ಮಲ್ಲೇ ಉಳಿದಳು. ಮದುವೆಯಾದ ಮೇಲೆ ನಾವಿಬ್ಬರೂ ಒಂದೇ ಸೂರಿನಡಿ ಅಷ್ಟು ದಿನ ಇದ್ದದ್ದು ಅದೇ ಮೊದಲು. ಗೋಡೆಯ ಗೂಡಿನಲ್ಲಿ ಐದು ಅವರೆಕಾಳು ಇಟ್ಟೆವು. ಒಂದು ಗುಳಿಗೆ ನುಂಗಿದರೆ ಒಂದು ಕಾಳು ಆ ಬದಿಯಿಂದ ಈ ಬದಿಗೆ. ಸೃಷ್ಟಿ, ಕಾಳು ಸರಿಸುವ ಕೆಲಸ ನಿನ್ನದಾಗಿತ್ತು, ಆಗ ನಿನಗೆ ಐದು ವರ್ಷ, ನೆನಪಿದೆಯೋ ಇಲ್ಲವೋ. ನಿನಗೆ ಆ ಮೊದಲೇ ಅಮ್ಮ ಬಂದು ಹೋಗಿತ್ತು. ಬಸು ಇನ್ನೂ ಕೂಸು, ಅವನಿಗೆ ಬಂದಿರಲಿಲ್ಲ, ಅದರ ಸೂಜಿಯೂ ಆಗಿರಲಿಲ್ಲ. ಗುಳ್ಳೆಯ ನೀರು ತಾಗಿದರೆ ಅವನಿಗೆ ಅಮ್ಮ ಬರಬಹುದೆಂದು ಡಾಕ್ಟರ್ ಬಾಯಿ ಎಚ್ಚರಿಸಿದ್ದರು. ಗುಳ್ಳೆ ಒಣಗಿ ಹಕ್ಕಳೆ ಕಟ್ಟುವ ತನಕ ಅಕ್ಕ ಒಳಕೋಣೆಯಲ್ಲಿ, ಅವನು ಪಡಸಾಲೆಯಲ್ಲಿ. ನಡುವೆ ಬಾಗಿಲು. ಅವಳು ಅಲ್ಲಿಂದಲೇ ಗುಬ್ಬಿಯ ಕತೆ ಹೇಳುತ್ತಿದ್ದಳು, ಇವನು ಇಲ್ಲಿಂದಲೇ ಕಿರಿಚಿ ಕಿರಿಚಿ ನಗುತ್ತಿದ್ದ.

ಮೊದಲ ದಿನ ಅಕ್ಕ ಹಟ ಹಿಡಿದಿದ್ದಳು: ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕಬಾರದು, ನನಗೆ ಬರೀ ಮೊಸರನ್ನ ಸಾಕು. ಡಾಕ್ಟರ್ ಬಾಯಿ ಎಲ್ಲ ಉಣ್ಣಬಹುದು ಅಂದಿದ್ದರು. ಮೂರನೆಯ ದಿನ ನಾನು ಹೆಸರುಬೇಳೆಗೆ ಬೆಳ್ಳುಳ್ಳಿ ಒಗ್ಗರಣೆ ಚುಂಯ್ ಎನಿಸಿದೆ.

“ಒಗ್ಗರಣಿ ಹಾಕಿದಿ?” ಒಳಗಿನಿಂದ ಧ್ವನಿ ಬಂತು.

“ಹಾಕಿನಿ.”

“ಬೆಳ್ಳುಳ್ಳಿ ಕಡಿಮಿ ಆದಂಗೈತಿ ವಾಸನಿ ನೋಡಿದ್ರ,” ಎಂದಳು. ಎರಡು ಬಟ್ಟಲು ಉಂಡಳು.

ಎರಡನೆಯ ಸಲ ತೋರಿಸಲು ಹೋದಾಗ ಅಕ್ಕ ಡಾಕ್ಟರ್ ಬಾಯಿಯವರನ್ನು ಕೇಳಿಯೇಬಿಟ್ಟಳು. “ಬಾಯಾರ, ನಾ ಅವತ್ತು ಹೊಳ್ಳಿ ನೋಡಿದ್ನಿರಿ. ಅದಕ್ಕ ಬಂತೇನ್ರಿ?”

ಅವರು ನಗಲಿಲ್ಲ. “ನಿಮ್ಮ ತಂಗಿ ಹೊಳ್ಳಿ ನೋಡಿದ್ರೇನು?”

“ಇಲ್ರಿ. ಆಕಿ ಹೇಳಿದ್ದ ಕೇಳೂ ಹುಡುಗಿ.”

“ಅವರ ಬೆನ್ನಾಗೂ ಐತಿ. ನಾ ಅಂತೂ ಸೀಮಿಗೆ ಹೋಗಿಲ್ಲ, ನನ್ನ ಬೆನ್ನಾಗೂ ಐತಿ. ನಿಮ್ಮದು ಮೊದಲ ಎಚ್ಚರಾತು, ಅಷ್ಟ.”

ಅಕ್ಕ ನನ್ನ ಕಡೆ ನೋಡಿದಳು. ಬಾತ ಕಣ್ಣಿನಿಂದಲೂ ಮಂಜಾದ ಕಣ್ಣಿನಿಂದಲೂ ನೀರು ಒಂದೇ ಸಮ ಇಳಿಯಿತು. “ಇಷ್ಟ ವರ್ಷ ಸುಮ್ನ ಹೊತ್ತೆನಲ್ಲ ತಂಗಿ,” ಎಂದಳು. ಅವಳ ಎಡಗಣ್ಣಿಗೆ ಜೋಳದ ಗರಿ ಚುಚ್ಚಿದ್ದೂ, ಎರಡು ಕೂಸು ಉಳಿಯದೆ ಹೋದದ್ದೂ ಅದೇ ತಪ್ಪಿಗೆ ಎಂದು ಅವಳು ತಿಳಿದಿದ್ದಳಂತೆ. ಒಂದೇ ಬೇವಿನ ಸೊಪ್ಪಿನ ಮೇಲೆ ಮಲಗಿದ್ದ ನನಗೆ ಅದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಒಂದು ದಿನ ಮಳೆ ಹೊಳವಾಗಿ ಬಾಗಿಲಿಗೆ ಬಿಸಿಲು ಬಂತು. ಅಕ್ಕ ಸೂಜಿ ದಾರ ಕೇಳಿದಳು. ಬೇಡ ಎಂದೆ, ಕೇಳಲಿಲ್ಲ. ಬಿಸಿಲಿಗೆ ಮುಖ ಮಾಡಿ ಕುಳಿತು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಸೂಜಿಯ ಕಣ್ಣಿಗೆ ಹಿಡಿದಳು. ಒಮ್ಮೆ ತಪ್ಪಿತು. ಎರಡನೆಯದೂ ತಪ್ಪಿತು. ಸೊಸೆ ಮೊರ ಹಿಡಿದು ಹಾಗೇ ನಿಂತಿದ್ದಳು. ಮೂರನೆಯ ಸಲ ದಾರ ಆಚೆ ಬದಿಗೆ ಬಂತು. ಅಕ್ಕ ಅದನ್ನು ಎಳೆದು ಗಂಟು ಹಾಕಿ, ಏನೂ ಆಗಿಲ್ಲವೆಂಬಂತೆ, “ಹಳೀ ಸೀರಿ ಎಲ್ಲೆಲ್ಲಿ ಅದಾವ ತಗೀರಿ,” ಎಂದಳು. ಬಸು ಈಗಲೂ ಹೊದೆಯುವ ಕೌದಿ ಅದೇ. ಅದರ ನಡುವಿನ ಹಸಿರು ಚೌಕ ನನ್ನ ಮದುವೆಯ ಸೀರೆಯದು.

ಅಲ್ಲಿಂದ ಮುಂದೆ ರವಿವಾರ ಬಂದವರ ಮುಂದೆ ನಾನು ಚಿಪ್ಪು ಇಡಲಿಲ್ಲ. ಚಹಾ ಕೊಟ್ಟು, ಮಾತಾಡಿದೆ. ರವಿವಾರದವರೆಗೆ ಕಾಯಬೇಡಿ, ಗುಳ್ಳೆ ಎದ್ದ ದಿನವೇ ದವಾಖಾನೆಗೆ ಹೋಗಿ ಎಂದೆ. ಕೆಲವರು ಸಿಟ್ಟಾಗಿ ಬೇರೆ ಕಡೆ ಬರೆಸಿಕೊಳ್ಳಲು ಹೋದರು. ಅತ್ತೆಯ ಹೆಸರು ಕೆಡಿಸಿದೆ ಎಂದವರೂ ಇದ್ದಾರೆ. ಬೇನೆ ಹೊತ್ತು ಬಂದವರನ್ನು ಹಾಗೆಯೇ ಕಳಿಸಬಾರದು ಎಂದ ಅತ್ತೆ, ತಿಳಿದಿದ್ದರೆ ತಾವೇ ಟಂಟಂ ಹತ್ತಿಸುತ್ತಿದ್ದರು ಎಂದು ನನಗೆ ಅನ್ನಿಸುತ್ತದೆ. ಮೂಡಲಗಿಯವರ ಮನೆಗೆ ಶೋಭಾಳ ಜೊತೆ ನಾನೇ ಹೋದೆ. ನರದ ಉರಿಗೆ ಬೇರೆ ಗುಳಿಗೆ ಇದೆಯೆಂದು ಹೇಳಿ ಬಂದೆ. ಪೂರ್ತಿ ಹೋಗಿಲ್ಲ, ಆದರೆ ಈಗ ಅಂಗಿ ತೊಡುತ್ತಾರೆ.

ಸರ್ಪಸುತ್ತು ಏಳದಂತೆ ತಡೆಯುವ ಸೂಜಿಯೂ ಈಗ ಬಂದಿದೆ. ಒಳಗೆ ಮಲಗಿದ್ದನ್ನು ಅದು ಓಡಿಸುವುದಿಲ್ಲ, ಮೈಯ ಕಾವಲನ್ನು ಗಟ್ಟಿ ಮಾಡುತ್ತದೆ. ಒಮ್ಮೆ ಬೇನೆ ಬಂದು ಹೋದವರೂ ಹಾಕಿಸಿಕೊಳ್ಳಬಹುದು. ಈ ವರ್ಷ ಅಕ್ಕ ಮತ್ತು ನಾನು ಇಬ್ಬರೂ ಹಾಕಿಸಿಕೊಂಡೆವು. ಎರಡು ಸಲ, ನಡುವೆ ಕೆಲವು ತಿಂಗಳು ಬಿಟ್ಟು. ಮೊದಲ ಸಲ ತೋಳು ಬಾತು ಎರಡು ದಿನ ರೊಟ್ಟಿ ಬಡಿಯಲಾಗಲಿಲ್ಲ, ಸೊಸೆಯೇ ಬಡಿದಳು. ಈ ಸೂಜಿ ಹಾಕಿಸಿಕೊಂಡವರಲ್ಲಿ ಮುಪ್ಪಿನ ಮರೆವೂ ಕಡಿಮೆ ಕಾಣುತ್ತಿದೆಯೆಂದು ದೂರದ ದೇಶಗಳಲ್ಲಿ ಕಂಡುಕೊಂಡಿದ್ದಾರಂತೆ, ಯಾಕೆ ಹಾಗೆ ಎಂಬುದು ಇನ್ನೂ ಪೂರ್ತಿ ತಿಳಿದಿಲ್ಲವಂತೆ. ಡಾಕ್ಟರ್ ಬಾಯಿ ಅದನ್ನು ಹೇಳಿದಾಗ ಅಕ್ಕ, “ನನಗ ಎರಡ ಜಾಸ್ತಿ ಹಾಕ್ರಿ, ನಮ್ಮ ನೆಗೆಣ್ಣಿ ಅಂದ ಮಾತು ಒಂದೂ ಮರಿಬಾರದು,” ಎಂದಳು.

ಎರಡನೆಯ ಸೂಜಿ ಆದದ್ದು ಹೋದ ತಿಂಗಳು. ಹನಿ ಮಳೆ ಇತ್ತು. ಹತ್ತಿ ಹಿಡಿದ ತೋಳಿನ ಮೇಲೆ ಸೆರಗು ಹೊದ್ದು, ಒಂದೇ ಕೊಡೆಯಲ್ಲಿ ಇಬ್ಬರೂ ದವಾಖಾನೆಯ ಗೇಟು ದಾಟಿದೆವು. ಅಕ್ಕ ನನ್ನ ಮೊಳಕೈ ತಿವಿದಳು.

“ತಂಗೀ, ಹೊಳ್ಳಿ ನೋಡಬ್ಯಾಡ ಮತ್ತ.”

ಹೇಳಿದ್ದು ಕೇಳುವ ಹುಡುಗಿ ನಾನು. ಸೀಮೆಯಿಂದ ಬರುವಾಗ ಒಮ್ಮೆಯೂ ತಿರುಗಿರಲಿಲ್ಲ. ಅಂದು ನಿಂತು, ಪೂರ್ತಿ ತಿರುಗಿ ನೋಡಿದೆ. ಬೇವಿನ ಗಿಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಅದರ ಬುಡದಲ್ಲಿ ಯಾರೋ ಬಿಟ್ಟುಹೋದ ಡಬ್ಬಿಯ ಮೊಸರನ್ನವನ್ನು ಒಂದು ನಾಯಿ ಅವಸರವಿಲ್ಲದೆ ತಿನ್ನುತ್ತಿತ್ತು.

“ಮೊಸರಬುತ್ತಿ ಯಾರ ತಿನ್ನಾಕತ್ತಾರ?” ಎಂದು ಕೇಳಿದಳು ಅಕ್ಕ, ತಾನು ತಿರುಗದೆ.

ನಾನು ಹೇಳಿದೆ. ಬಸ್ಸು ಬರುವ ತನಕ ಇಬ್ಬರೂ ನಗುತ್ತಲೇ ನಿಂತಿದ್ದೆವು.